ಅಪ್‌ಡೇಟ್: ಅಜ್ಜಿ ಮನಿ ಸಾಗವಾನಿ ಕಪಾಟು ಉಳಿಸ್ಕೊಂಡ್ವಿ

ಕೊಪ್ಪಳದಾಗ ನಮ್ಮ ಅಜ್ಜಿ ಮನಿ ಕೆಡವಾಕತ್ತಾರ, ಅಲ್ಲಿರೋ ಹಳೇ ಕಪಾಟು ರಿಪೇರಿ ಮಾಡಿಸ್ಲೋ, ಹೊಸಾ ರೆಡಿಮೇಡ್ ವಾರ್ಡ್‌ರೋಬ್ ತಗೊಳ್ಲೋ ಅಂತ ಕೇಳಿದ್ನೆಲ್ಲ. ಹಳೇದನ್ನ ಇಟ್ಕೊಂಡ್ವಿ, ಭಾಳ ಖುಷಿ ಐತಿ.

ಬಡಿಗೇರ ಕಾಕಾ ಬಾಗ್ಲಾ ಬಿಚ್ಚಿ ತೋರ್ಸಿದ್ರು, ಚೌಕಟ್ಟಿನ್ಯಾಗ ಒಂದೂ ಸ್ಕ್ರೂ ಇಲ್ಲ, ಒಂದು ಕಟ್ಟಿಗಿಗೆ ಕಿಂಡಿ ಕೊರ್ದು ಇನ್ನೊಂದರ ತುದಿ ಅದರಾಗ ಕೂಡ್ಸಿ ಅಡ್ಡ ಬಿದಿರಿನ ಮೊಳಿ ಹೊಡ್ದಾರ, ಸಡ್ಲಾದ್ರ ಬಿಚ್ಚಿ ಮತ್ತ ಬಿಗಿ ಮಾಡಬಹುದು. "ಹೊಸಾ ಬೋರ್ಡಿನ್ಯಾಗ ಸ್ಕ್ರೂ ಒಮ್ಮೆ ಕಿತ್ರ ಅದೇ ತೂತಿನ್ಯಾಗ ಗಟ್ಟಿ ಕೂಡಂಗಿಲ್ಲ ತಮ್ಮಾ" ಅಂದ್ರು. ಖರೇನ, ರೆಡಿಮೇಡ್ ವಾರ್ಡ್‌ರೋಬಿಗೆ ಹಾಕೋ ಪಾರ್ಟಿಕಲ್ ಬೋರ್ಡ್ ಅಂದ್ರ ಕಟ್ಟಿಗಿ ಚೂರು ಅಂಟಿನಾಗ ಕಲಸಿ ಒತ್ತಿದ್ದು, ಅಂಚಿಗೆ ನೀರು ಹತ್ತಿದ್ರ ನೆನಿಹಾಕಿದ ಕಡ್ಲಿಯಂಗ ಉಬ್ಬತೈತಿ, ಒಣಗಿದ್ರೂ ಮೊದ್ಲಿನಂಗ ಆಗಂಗಿಲ್ಲ.

ಹಳೇ ಕಪಾಟಿಗೆ ಗೆದ್ಲ ಹತ್ತಿಲ್ಲೇನು ಅಂತ ಕೆಲವ್ರು ಕೇಳಿದ್ರಿ. ಹಿಂದಿನ ಬಿಳಿ ಕಟ್ಟಿಗಿ ಹಲಗಿ ಪೂರಾ ತಿಂದಿತ್ತು, ಅದನ್ನ ಬದ್ಲಿ ಮಾಡಿಸಿದ್ವಿ, ಆದ್ರ ಸಾಗವಾನಿ ಚೇಗಿನ (ಮರದ ನಡುವಿನ ಗಟ್ಟಿ ಭಾಗದ) ಹಲಗಿ ಒಂದಕ್ಕೂ ಹತ್ತಿಲ್ಲ, ಅದರಾಗಿರೋ ಎಣ್ಣಿ ಅಂಶಕ್ಕ ಗೆದ್ಲ ಸುಲಭ ಬರಂಗಿಲ್ಲಂತ.

ಮ್ಯಾಲಿನ ಆಯಿಲ್ ಪೇಂಟ್ ಕೆರ್ಸಿ, ಅರಗಿನ ಚಕ್ಕಿ ಸ್ಪಿರಿಟಿನ್ಯಾಗ ಕರಗಿಸಿ ಬಟ್ಟಿಲೆ ತಿಕ್ಕಿದ್ರು, ಒಳಗಿನ ಗೆರಿ ಎದ್ದು ಬಂದ್ವು ನೋಡ್ರಿ, ಏನ್ ಚಂದ! ಈ ಪಾಲಿಶಿನ ಮ್ಯಾಲೆ ಮಾತ್ರ ಬಿಸಿ ಪಾತ್ರಿ ಇಡಬ್ಯಾಡ್ರಿ, ಬಿಳಿ ಕಲಿ ಬೀಳತೈತಿ. ತೂಕ ಭಾಳ, ಬಾಡಿಗಿ ಮನಿಯವ್ರು ಮೆಟ್ಲ ಅಗಲ ಅಳೆದ ಮ್ಯಾಲೇ ಇಂಥಾದ್ದು ತಗೋರಿ.