ಬೋರ್ನಿಯೊ ಮಳೆಕಾಡಿಗೆ ಹೋಗಿ ಬಂದವರು ಇದ್ದೀರಾ? ಕಾಡುಪ್ರಾಣಿ, ಕಾಡಿನ ಜನ ಎರಡೂ ನೋಡಬೇಕು, ಅನುಭವ ಹೇಳಿ

ಹಂಪಿನಗರದ ಟೀಚರ್:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 24ರಿಂದ ಜನವರಿ 2ರವರೆಗೆ ರಜೆ. ನಾಲ್ಕು ಜನ ಹೊರಡುವವರು: ನಾನು, ನಮ್ಮನೆಯವರು, ಅತ್ತೆ (66 ವರ್ಷ, ಮಂಡಿ ನೋವು), ಮಗ (10, ಹಕ್ಕಿ ಅಂದರೆ ಪ್ರಾಣ). ಎರಡು ವರ್ಷದಿಂದ ಕೂಡಿಟ್ಟ ಐದು ಲಕ್ಷ ಇದೆ. ಬೋರ್ನಿಯೊದ ಮಲೇಷ್ಯಾ ಭಾಗದಲ್ಲಿ ಸಬಾ ಕಡೆಯ ಕಿನಬಾಟಂಗನ್ ನದಿಯೋ, ಸರವಾಕ್ ಕಡೆಯ ಇಬಾನ್ ಬುಡಕಟ್ಟಿನವರ ಉದ್ದಮನೆಯೋ ಅಂತ ತೀರ್ಮಾನವೇ ಆಗುತ್ತಿಲ್ಲ. ಒರಾಂಗುಟನ್, ಮಂಗಟ್ಟೆ ಹಕ್ಕಿ ನೋಡಬೇಕು, ಕಾಡಿನ ಜನರ ಜೊತೆ ಒಂದೆರಡು ದಿನ ಇರಬೇಕು. ನಾವು ಸಸ್ಯಾಹಾರಿಗಳು. ಮುಖ್ಯವಾಗಿ ಅತ್ತೆಗೆ ಆಗುತ್ತದಾ ಹೇಳಿ.

ಸಿಂಗಪುರದ ಕಾಡುಕೋಳಿ:
ಸರವಾಕ್‌ಗೇ ಹೋಗಿ, ಬೇರೆ ಮಾತೇ ಬೇಡ. ನಾವು ಹೋಗಿದ್ದು 2024ರ ಜೂನ್‌ನಲ್ಲಿ, ಅವರ ಸುಗ್ಗಿ ಹಬ್ಬ ಗವಾಯ್ ಮುಗಿದು ಎರಡು ವಾರಕ್ಕೆ. ಕುಚಿಂಗ್‌ನಿಂದ ಬಟಾಂಗ್ ಐ ಅಣೆಕಟ್ಟಿನ ತನಕ ವ್ಯಾನಿನಲ್ಲಿ ಐದು ಗಂಟೆ, ಆಮೇಲೆ ಉದ್ದ ದೋಣಿ. ಒಬ್ಬರ ಹಿಂದೆ ಒಬ್ಬರು ಕೂರಬೇಕು. ನೀರು ಕಮ್ಮಿ ಇರೋ ಕಡೆ ದೋಣಿಯವರು ಇಳಿದು ತಳ್ಳುತ್ತಾರೆ, ನಮ್ಮ ಯಜಮಾನರೂ ಇಳಿದು ತಳ್ಳಿದರು. ನಾಲ್ವರಿಗೆ ಮೂರು ಹಗಲು ಎರಡು ರಾತ್ರಿಗೆ 3,850 ರಿಂಗಿಟ್ (ಮಲೇಷ್ಯಾದ ಹಣ). ಕುಚಿಂಗ್ ಹೋಟೆಲು ಮೂರು ರಾತ್ರಿಗೆ 660. ಇದರ ಮೇಲೆ ಉಡುಗೊರೆಗೆ 210 ಆಯ್ತು, ಆ ವಿಷಯ ನನಗಿನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಉದ್ದಮನೆ ಅಂದರೆ ಇಡೀ ಊರೇ ಒಂದು ಸೂರಿನ ಕೆಳಗೆ. ಮುಂದೆ ಉದ್ದಕ್ಕೂ ಒಂದೇ ಪಡಸಾಲೆ, ಅದಕ್ಕೆ ರುವಾಯ್ ಅಂತಾರೆ. ಅದರ ಪಕ್ಕ ಸಾಲಾಗಿ ಬಾಗಿಲುಗಳು, ಒಂದು ಬಾಗಿಲು ಅಂದರೆ ಒಂದು ಸಂಸಾರ. ನಾನು 14 ಪೊಟ್ಟಣ ಬಿಸ್ಕತ್ತು ತಗೊಂಡು ಹೋಗಿದ್ದೆ, ಅಲ್ಲಿ ಬಾಗಿಲು ಇದ್ದದ್ದು 19. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮನೆಯ ಯಜಮಾನ ಏನೂ ಮಾತಾಡದೆ ಎಲ್ಲಾ ಪೊಟ್ಟಣ ಒಡೆದು, ಚಾಪೆ ಮೇಲೆ 19 ಗುಡ್ಡೆ ಮಾಡಿ, ಒಂದೊಂದರಲ್ಲೂ ಬಿಸ್ಕತ್ತು ಎಣಿಸಿ ಹಾಕಿದರು. ಉಳಿದ ಎರಡನ್ನು ನನ್ನ ಮಗಳ ಕೈಗೆ ಕೊಟ್ಟರು. ಅವರ ಎರಡೂ ಭುಜದ ಮೇಲೆ ಬದನೆ ಹೂವಿನ ಹಚ್ಚೆ. ಹುಡುಗ ಮನೆ ಬಿಟ್ಟು ಮೊದಲ ಸಲ ದೂರ ಹೊರಟಾಗ ಹಾಕಿಸಿಕೊಳ್ಳುತ್ತಿದ್ದ ಹಚ್ಚೆಯಂತೆ ಅದು.

ಊಟಕ್ಕೆ ಬಿದಿರಿನ ಅಂಡೆಯಲ್ಲಿ ಬೇಯಿಸಿದ ಅನ್ನ, ಕಳಲೆ, ಮಿಡಿನ್ ಅನ್ನೋ ಜರಿಗಿಡದ ಕುಡಿ. ಆದರೆ ಪಲ್ಯಕ್ಕೆಲ್ಲ ಬೆಲಾಚಾನ್ ಅಂತ ಸಿಗಡಿ ಹಿಂಡಿ ಹಾಕಿಬಿಡ್ತಾರೆ, ಮೊದಲೇ ಹೇಳಬೇಕು. ನಮ್ಮತ್ತೆ ಎರಡು ದಿನ ಅನ್ನ, ಚಟ್ನಿಪುಡಿಯಲ್ಲೇ ಕಳೆದರು.

ಸಾಧನಕೇರಿ:
ಅಕ್ಕಾರ, ನೀವು ಜೂನ್‌ನ್ಯಾಗ ಹೋಗಿ ಬಂದು ಡಿಸೆಂಬರಕ್ಕ ಹೊಂಟಾವ್ರಿಗೆ ಬುದ್ಧಿ ಹೇಳಬ್ಯಾಡ್ರಿ. ನವೆಂಬರದಿಂದ ಫೆಬ್ರುವರಿ ತನಕ ಅಲ್ಲಿ ಈಶಾನ್ಯ ಮಳಿ. ನಾವು ಹೋದ ಜನವರಿಯೊಳಗ ಕಿನಬಾಟಂಗನ್‌ಗ ಹೋಗಿದ್ವಿ, ನಾ, ನಮ್ಮಾಕಿ, ಮಗಳು. ಬೆಂಗಳೂರು-ಕೌಲಾಲಂಪುರ-ಸಂಡಾಕನ್ ಮೂರು ಮಂದಿಗೆ 1,14,600 ರೂಪಾಯಿ. ನಡುವ ಒಂದು ವಿಮಾನದ ವ್ಯಾಳ್ಯಾ ಬದಲಿ ಮಾಡಿದ್ರು, ಕೌಲಾಲಂಪುರದಾಗ ಒಂದು ರಾತ್ರಿ ಕೂತ್ವಿ, ಅದಕ್ಕ 5,200. ಬ್ಯಾಗ್ ಮೂರು ಕಿಲೋ ಹೆಚ್ಚಾತಂತ 2,900. ಲಾಡ್ಜಿಗೆ ಮೂರು ದಿನಕ್ಕ 2,610 ರಿಂಗಿಟ್, ಅಂದ್ರ ನಮ್ಮ ರೊಕ್ಕ 51 ಸಾವಿರ ಮುಂಗಡ.

ಲಾಡ್ಜ್ ಇರೂ ಊರು ಸುಕಾವು ಮುಟ್ಟೂದ್ರೊಳಗ ಹೊಳಿ ದಂಡಿ ಮ್ಯಾಲೆ ಬಂದಿತ್ತು. ದೋಣಿ ಕಟ್ಟೂ ಜಾಗಾದ ಹಲಗಿ ನೀರಾಗ ತೇಲ್ತಿತ್ತು. ಆರು ಸಲ ದೋಣಿ ಅಂದಿದ್ರು, ಎರಡ ಸಲ ಬಿಟ್ರು. ರಾತ್ರಿ ದೋಣಿ ಪೂರ್ತಿ ರದ್ದು. ಆನಿ ಒಂದೂ ಕಾಣ್ಲಿಲ್ಲ. ಒರಾಂಗುಟನ್ ಕಂಡಿದ್ದು ತಬ್ಬಲಿ ಮರಿ ಸಾಕೂ ಸೆಪಿಲೋಕ್ ಕೇಂದ್ರದಾಗ, ಮುಂಜಾನೆ ಹತ್ತಕ್ಕ ಹಣ್ಣು ಹಾಕೂ ಕಟ್ಟಿ ಮ್ಯಾಲೆ. ಅದೂ ತಾಯಿ-ಮರಿ, ನಾಕು ನಿಮಿಷ. ರೊಕ್ಕ ತಿರುಗಿ ಕೊಡ್ರಿ ಅಂದ್ರ "ಮಳಿ ನಮ್ಮ ಕೈಯಾಗ ಇಲ್ಲ" ಅಂದ್ರು. ಬುಕ್ ಮಾಡಿಕೊಟ್ಟಾಂವ ಫೋನ್ ಎತ್ತೂದ ಬಿಟ್ಟ. ಹದಿಮೂರು ಮೇಲ್ ಕಳಿಸೀನಿ.

ಇನ್ನೊಂದು ಮಾತು. ಹೊಳಿ ಎರಡೂ ಕಡೆ ದಟ್ಟ ಅಡವಿ ಕಾಣ್ತದ, ಫೋಟೋದಾಗ ಭಾಳ ಚಂದ. ರಸ್ತೆ ಹಿಡಿದು ಹೋಗ್ರಿ, ಎರಡು ತಾಸು ತಾಳೆಎಣ್ಣಿ ತೋಟ ಬಿಟ್ರ ಏನೂ ಇಲ್ಲ. ನಮ್ಮ ಮಗಳು "ಅಪ್ಪಾ, ಕಾಡೆಲ್ಲಿ?" ಅಂತ ಕೇಳಿದ್ಲು. ಎದಿ ಒಡೀತು ನೋಡ್ರಿ.

ಸಿಂಗಪುರದ ಕಾಡುಕೋಳಿ:
ನಿಮಗೆ ಬುಕ್ ಮಾಡಿಕೊಟ್ಟವರು ಕೈಕೊಟ್ಟರೆ ಅದು ಬೋರ್ನಿಯೊ ತಪ್ಪಾ? ಜನವರಿಯಲ್ಲಿ ಮಳೆ ಅಂತ ಹೋಗೋ ಮುಂಚೆ ನೋಡಬೇಕಿತ್ತು.

ಸಾಧನಕೇರಿ:
ನೋಡಿದ್ವಿ ಅಕ್ಕಾರ. "ಸಣ್ಣ ಮಳಿ, ಪ್ರಾಣಿ ಇನ್ನೂ ಚಲೋ ಕಾಣ್ತಾವ" ಅಂತ ಬರೆದು ಕೊಟ್ಟಿದ್ದ ಆಂವ. ಕಾಗದ ಇನ್ನೂ ನನ್ನ ಹತ್ತಿರ ಐತಿ. ಮಗಳ ಮುಂದ ಅಷ್ಟು ಆಸೆ ಹುಟ್ಟಿಸಿ ಕರ್ಕೊಂಡು ಹೋದಾಂವ ನಾನು, ನನ್ನ ಸಂಕಟ ನನಗ.

ಕೆ. ಗುಡಿ ಅಭಿಮಾನಿ:
ಐದು ಲಕ್ಷ ಯಾಕೆ ಸುರಿಯಬೇಕು ಮೇಡಂ? ಬೆಂಗಳೂರಿನಿಂದ ಐದು ಗಂಟೆ ಕಾರು ಓಡಿಸಿದರೆ ಬಿಳಿಗಿರಿರಂಗನ ಬೆಟ್ಟ. ನಾವು ಮೂವರು ಎರಡು ರಾತ್ರಿ ಕೆ. ಗುಡಿಯಲ್ಲಿದ್ದೆವು, ಪೆಟ್ರೋಲ್, ಸಫಾರಿ, ಊಟ ಎಲ್ಲಾ ಸೇರಿ 49,300. ಮಾರ್ಚ್‌ನಲ್ಲಿ ಹೋಗಿದ್ದು. ಕಾಟಿ ಹಿಂಡು, ಆನೆ, ಸೀಳುನಾಯಿ ಐದು. ಚಿರತೆಯನ್ನು 40 ಸೆಕೆಂಡ್ ನೋಡಿದ್ದೇವೆ, ನಾನು ಸುಮ್ಮನೆ ಹೇಳುತ್ತಿಲ್ಲ, ವಿಡಿಯೋ ಇದೆ. ದೊಡ್ಡ ಸಂಪಿಗೆ ಮರದ ಹತ್ತಿರ ಹೋದಾಗ ನನ್ನ ಹೆಂಡತಿ ಅತ್ತುಬಿಟ್ಟಳು. ಅಷ್ಟು ಹಳೆಯ ಮರ, ಬುಡದಲ್ಲಿ ಸಾಲು ಕಲ್ಲುಗಳು, ಪಕ್ಕದಲ್ಲಿ ಭಾರ್ಗವಿ ಹೊಳೆ. ನಮ್ಮ ಡ್ರೈವರ್ ಹೇಳಿ ಕರೆಸಿ ಸಂಜೆ ಸೋಲಿಗರ ಕುಣಿತವನ್ನೂ ಮಾಡಿಸಿದರು, 3,000 ಕೊಟ್ಟೆವು. ಕಾಡಿನ ಸಂಸ್ಕೃತಿ ನೋಡೋಕೆ ಬೋರ್ನಿಯೊ ತನಕ ಹೋಗಬೇಕಾ?

ತೀರ್ಥಹಳ್ಳಿ ಮಳೆ:
ಅವರು ಕೇಳಿದ್ದು ಮಳೆಕಾಡು. ಕೆ. ಗುಡಿ ಸುತ್ತ ಇರೋದು ಎಲೆ ಉದುರೋ ಕಾಡು ಮಾರಾಯ್ರೆ, ಮಾರ್ಚ್‌ನಲ್ಲಿ ಎಲೆ ಉದುರಿದ್ದಕ್ಕೇ ನಿಮಗೆ ಚಿರತೆ ಕಂಡಿದ್ದು. ಮಳೆಕಾಡು ನೋಡ್ಬೇಕಂದ್ರೆ ಆಗುಂಬೆಗೆ ಬನ್ನಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಹೊಯ್ಯೋ ಊರು. ಹಾವಿನ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಕಾಳಿಂಗ ಸರ್ಪದ ಅಧ್ಯಯನಕ್ಕೆ ಕೇಂದ್ರ ಕಟ್ಟಿದ್ದು ಇಲ್ಲೇ ಯಾಕೆ ಅಂತ ಯೋಚನೆ ಮಾಡಿ.

ನಾನು ಮನೆಯ ಎರಡು ಕೋಣೆ ಹೋಂಸ್ಟೇ ಮಾಡಿ ಆರು ವರ್ಷ ಆಯ್ತು. ಹೆಂಚು ತೆಗೆಸಿ ಹೊಸದು ಹೊದಿಸಿದ್ದಕ್ಕೆ 2,80,000, ಎರಡು ಬಚ್ಚಲಿಗೆ 1,65,000, ಇನ್ನೂ ಸಾಲ ತೀರಿಲ್ಲ. ಬರುವವರು ಮೊದಲು ಕೇಳೋದು "ಕಾಳಿಂಗ ಗ್ಯಾರಂಟಿ ಕಾಣ್ತದಾ?" ಅಂತ. ಕಾಣಲ್ಲ. ನಾನು ಆರು ವರ್ಷದಲ್ಲಿ ಹನ್ನೊಂದು ಸಲ ನೋಡಿದ್ದು. ಆದರೆ ರಾತ್ರಿ ಟಾರ್ಚ್ ಹಿಡಿದು ಹಳ್ಳದ ಬದಿ ಅರ್ಧ ಗಂಟೆ ಕೂತರೆ ಕಪ್ಪೆ ಎಷ್ಟು ಬಗೆಯ ದನಿ ತೆಗೀತವೆ ಅಂತ ಕೇಳಿಸ್ತೇನೆ. ಒಬ್ಬರು ಮಧ್ಯದಲ್ಲೇ ಎದ್ದು ವೈಫೈ ಇಲ್ಲ ಅಂತ ಒಂದು ನಕ್ಷತ್ರ ಕೊಟ್ಟು ಹೋದರು. ಆ ಒಂದು ನಕ್ಷತ್ರದಿಂದ ಆ ತಿಂಗಳು ನಾಲ್ಕು ಬುಕಿಂಗ್ ಹೋಯ್ತು.

ಕೆ. ಗುಡಿ ಅಭಿಮಾನಿ:
ಬೆಟ್ಟದ ಮೇಲ್ಭಾಗದಲ್ಲಿ ನಿತ್ಯಹಸಿರು ಕಾಡೂ ಇದೆ, ಹುಲ್ಲುಗಾವಲಿನ ನಡುವಿನ ಶೋಲಾ ಕಾಡೂ ಇದೆ. ಒಂದು ಸಲ ಬಂದು ನೋಡಿ ಆಮೇಲೆ ಮಾತಾಡಿ. ಆಗುಂಬೆಯಲ್ಲಿ ಮಳೆ, ಇಂಬಳ ಬಿಟ್ಟರೆ ಬೇರೆ ಏನು ಕಾಣುತ್ತೆ?

ತೀರ್ಥಹಳ್ಳಿ ಮಳೆ:
ಇಂಬಳಕ್ಕೆ ಹೆದರೋರು ಮಳೆಕಾಡಿನ ಹೆಸರು ಎತ್ತಬಾರದು. ಸುಣ್ಣ, ಹೊಗೆಸೊಪ್ಪು ಅರೆದು ಕಾಲಿಗೆ ಹಚ್ಚಿಕೊಂಡು ನಮ್ಮಮ್ಮ ಎಪ್ಪತ್ತು ವರ್ಷ ತೋಟ ತಿರುಗಿದ್ದಾರೆ.

ಪೋಡಿನ ಹುಡುಗ:
ಬೆಳಗ್ಗೆಯಿಂದ ಓದ್ತಾ ಇದ್ದೀನಿ. ಬರೀಬಾರದು ಅಂತಿದ್ದೆ. ನಾನು ಸೋಲಿಗ. ಬಿಳಿಗಿರಿರಂಗನ ಬೆಟ್ಟದಲ್ಲೇ ಹುಟ್ಟಿದ್ದು. ಪ್ರಾಣಿ ನೋಡಬೇಕು, ಜನ ನೋಡಬೇಕು ಅಂತ ಒಂದೇ ಉಸಿರಲ್ಲಿ ಬರೀತೀರಲ್ಲ, ಅದು ಚುಚ್ತದೆ. ಟೀಚರಮ್ಮ ಬೇಕು ಅಂತ ಬರೆದಿಲ್ಲ ಅಂತ ಗೊತ್ತು. ಆದ್ರೂ ಚುಚ್ತದೆ.

3,000 ಕೊಟ್ಟು ಕುಣಿತ ಮಾಡಿಸಿದೆ ಅಂದ ಅಣ್ಣನಿಗೆ ಒಂದು ಮಾತು. ಗೊರುಕನ ನಮ್ಮ ರೊಟ್ಟಿಹಬ್ಬದ ಪದ. ರಾಗಿ ಕೊಯ್ದು ಮೊದಲ ರೊಟ್ಟಿ ದೇವರಿಗಿಟ್ಟು ರಾತ್ರಿಯೆಲ್ಲ ಹಾಡೋದು. ಮುದುಕರು ಪದ ಎತ್ತಿಕೊಡ್ತಾರೆ, ಹುಡುಗರು ಹಿಂದೆ ಹೇಳ್ತಾರೆ, ಒಬ್ಬರಿಗೂ ಸಾಕು ಅನ್ನಿಸೋಕಿಲ್ಲ. ನಾನೂ ಎರಡು ವರ್ಷ ಆ ಸಂಜೆ ಕುಣಿತಕ್ಕೆ ಹೋಗಿದ್ದೀನಿ. ಹನ್ನೆರಡು ಜನಕ್ಕೆ 3,000, ಜೀಪಿನವನಿಗೆ 600 ಕಳೆದು ಒಬ್ಬನಿಗೆ 200. ಇಪ್ಪತ್ತು ನಿಮಿಷ ಆಗ್ತಿದ್ದಂಗೆ "ಸಾಕು, ಊಟ ರೆಡಿ" ಅಂತಾರೆ. ಮೂರನೇ ವರ್ಷ ಹೋಗಲಿಲ್ಲ. ದುಡ್ಡು ಬೇಕಿತ್ತು, ಆದ್ರೂ ಹೋಗಲಿಲ್ಲ.

ನಿಮಗೆ ದೊಡ್ಡ ಸಂಪಿಗೆ ಮರ ನೋಡಿ ಅಳು ಬಂತು. ನಮಗದು ದೇವರು. 1974ರಲ್ಲಿ ಅಭಯಾರಣ್ಯ ಆದಾಗ ನಮ್ಮಜ್ಜಿಯವರನ್ನ ಕಾಡೊಳಗಿನ ಪೋಡಿನಿಂದ, ಅಂದ್ರೆ ನಮ್ಮ ಹಟ್ಟಿಯಿಂದ, ಎಬ್ಬಿಸಿ ರಸ್ತೆ ಪಕ್ಕ ತಂದು ಕೂರಿಸಿದರು. ಅಜ್ಜಿ ಸಾಯೋವರೆಗೂ ಬಿಟ್ಟು ಬಂದ ಹಲಸಿನ ಮರ ಹೆಸರಿಟ್ಟು ಕರೀತಿದ್ದಳು. ನಾವು ಬೇಸಿಗೆ ಮುಂಚೆ ತರಗಿಗೆ ಸಣ್ಣ ಬೆಂಕಿ ಹಾಕ್ತಿದ್ದೆವು, ಅದು ಅಪರಾಧ ಅಂದರು. ಈಗ ಲಂಟಾನ ಕಳೆ ಆಳೆತ್ತರ ನಿಂತಿದೆ, ಜಿಂಕೆಗೆ ಹುಲ್ಲಿಲ್ಲ. 2006ರಿಂದ ಜೇನು, ನೆಲ್ಲಿಕಾಯಿ ಕಿತ್ತು ಮಾರಂಗಿಲ್ಲ ಅಂದರು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು, ಅದೇ ವರ್ಷ ಅಕ್ಟೋಬರಲ್ಲಿ ನಮ್ಮ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ತು. ಹುಲಿ ಇರೋ ಕಾಡಲ್ಲಿ ಜನಕ್ಕೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಆ ದಿನ ಗೊರುಕನ ಹಾಡಿದ್ದು ಕೇಳಬೇಕಿತ್ತು ನೀವು.

ಕೆ. ಗುಡಿ ಅಭಿಮಾನಿ:
ತಮ್ಮಾ, ನನಗೆ ಅವಮಾನ ಮಾಡುವ ಉದ್ದೇಶ ಇರಲಿಲ್ಲ. ಗೌರವದಿಂದಲೇ ಕೂತು ನೋಡಿದೆವು. ನಾವು ದುಡ್ಡು ಕೊಡದಿದ್ದರೆ ಆ ಹನ್ನೆರಡು ಜನಕ್ಕೆ ಆ 200ರೂ ಇರುತ್ತಿರಲಿಲ್ಲ ಅಲ್ಲವಾ?

ಪೋಡಿನ ಹುಡುಗ:
ದುಡ್ಡು ಕೊಡಿ ಅಣ್ಣ, ಬೇಡ ಅನ್ನಲ್ಲ. ಬೆಳಗ್ಗೆ ಆರಕ್ಕೆ ನನ್ನ ಜೊತೆ ಕಾಡಂಚಲ್ಲಿ ನಡೀರಿ, ಅದಕ್ಕೆ ಕೊಡಿ. ಹೆಜ್ಜೇನು, ತುಡುವೆ, ನಸರಿ ಯಾವ ಹೂವಿಗೆ ಯಾವಾಗ ಬರ್ತವೆ ಹೇಳ್ತೀನಿ. ಬೆಟ್ಟದ ದೇವರು ರಂಗಪ್ಪ ನಮಗೆ ಯಾಕೆ ಭಾವ ಅಂತ ಕೇಳಿ, ನಮ್ಮ ಹೆಣ್ಣು ಕುಸುಮಾಲೆನ ಮದುವೆ ಆದ ಕತೆ ಹೇಳ್ತೀನಿ. 2022ರಲ್ಲಿ ನಮ್ಮ ಕಾಡಿನ ಒಂದು ಕಣಜದ ಕುಲಕ್ಕೇ ವಿಜ್ಞಾನಿಗಳು ‘ಸೋಲಿಗ’ ಅಂತ ಹೆಸರಿಟ್ಟರು. ತಿಳಿದವರು ಅಂತಾನೇ ಇಟ್ಟಿದ್ದು, ಕುಣಿಯೋರು ಅಂತಲ್ಲ.

ಕೊಯಮತ್ತೂರು ಕನ್ನಡಿಗ:
ಜಗಳದ ಮಧ್ಯೆ ಬಂದೆ, ಕ್ಷಮಿಸಿ. ನಿಜವಾದ ಮಳೆಕಾಡು ಹತ್ತಿರದಲ್ಲೇ ಬೇಕಾದರೆ ತಮಿಳುನಾಡಿನ ವಾಲ್ಪಾರೈ. ಆಳಿಯಾರಿನಿಂದ 40 ತಿರುವು. ಪುದುತೋಟ್ಟಂ ರಸ್ತೆಯಲ್ಲಿ ಸಿಂಗಳೀಕ ನಮ್ಮ ಕಾರಿನ ಮುಂದೆಯೇ ದಾಟಿತು. ಮಗನಿಗೆ ಮಂಗಟ್ಟೆ ಬೇಕು ಅಂದಿರಲ್ಲ, ಆಚೆ ಕೇರಳದ ವಾಳಚ್ಚಾಲ್‌ನಲ್ಲಿ ಕಾಡರ್ ಬುಡಕಟ್ಟಿನ ಜನರೇ ಮಂಗಟ್ಟೆ ಗೂಡುಗಳನ್ನು ಕಾಯುತ್ತಾರೆ. ಮೊದಲು ಮರಿ ಹಿಡಿಯುತ್ತಿದ್ದವರೇ ಈಗ ಗೂಡಿನ ಲೆಕ್ಕ ಇಡುತ್ತಾರೆ. ನನಗೆ ತಿರುವಿನಲ್ಲಿ ಕ್ಲಚ್ ಸುಟ್ಟು 18,700 ಹೋಯ್ತು, ಆದರೂ ಮತ್ತೆ ಹೋಗುತ್ತೇನೆ.

ಹಂಪಿನಗರದ ಟೀಚರ್:
ಪೋಡಿನ ಹುಡುಗ, ನೀವು ಬರೆದದ್ದನ್ನು ಅತ್ತೆಗೂ ಓದಿ ಹೇಳಿದೆ. ತಲೆಬರಹ ಹಾಗೆ ಬರೆಯಬಾರದಿತ್ತು, ತಪ್ಪಾಯ್ತು. ಇನ್ನು ಯಾರಾದರೂ ದಯವಿಟ್ಟು ಮಂಡಿ ನೋವಿನ ಬಗ್ಗೆ ಹೇಳುತ್ತೀರಾ? ಉದ್ದಮನೆಗೆ ಹತ್ತಲು ಮೆಟ್ಟಿಲು ಎಷ್ಟು?

ಸಿಂಗಪುರದ ಕಾಡುಕೋಳಿ:
ಮೆಟ್ಟಿಲಲ್ಲ, ಒಂದೇ ಮರದ ದಿಮ್ಮಿ, ಅದರಲ್ಲೇ ಕಚ್ಚು ಕೊರೆದಿರುತ್ತಾರೆ. ನಾವು ಹೋದ ಮನೆಯಲ್ಲಿ ಹನ್ನೊಂದು ಕಚ್ಚು, ಒಂದು ಕಡೆ ಬಿದಿರಿನ ಹಿಡಿ, ಮಳೆ ಬಂದರೆ ಜಾರುತ್ತೆ. ನಮ್ಮತ್ತೆಗೆ 71. ಕೆಳಗೆ ನಿಂತು "ನಾನು ದೋಣಿಯಲ್ಲೇ ಇರ್ತೀನಿ" ಅಂದರು. ಮೇಲಿಂದ ಅವರ ವಯಸ್ಸಿನ ಅಜ್ಜಿಯೊಬ್ಬರು ಇಳಿದು ಬಂದು, ಭಾಷೆ ಇಲ್ಲ ಏನಿಲ್ಲ, ಅತ್ತೆಯ ಕಾಲನ್ನೇ ಕೈಯಲ್ಲಿ ಹಿಡಿದು ಒಂದೊಂದು ಕಚ್ಚಿಗೆ ಅಡ್ಡಲಾಗಿ ಇಡಿಸುತ್ತಾ ಹತ್ತಿಸಿದರು. ಸಂಜೆ ಅದೇ ಅಜ್ಜಿ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಪುವಾ ಬಟ್ಟೆ ನೇಯುವಾಗ ಅತ್ತೆ ಪಕ್ಕದಲ್ಲೇ ಕೂತು ದಾರ ಬಿಡಿಸಿಕೊಟ್ಟರು. ಅದನ್ನು ಯಾರೂ ನಮಗೆ ತೋರಿಸಲು ಮಾಡಿದ್ದಲ್ಲ. ಆದರೆ ಸಾಧನಕೇರಿಯವರು ಹೇಳಿದ್ದರಲ್ಲಿ ಒಂದು ನಿಜ, ಡಿಸೆಂಬರ್‌ನಲ್ಲಿ ಆ ದಿಮ್ಮಿ ಹತ್ತಿಸಬೇಡಿ.

ಸಾಧನಕೇರಿ:
ಅದನ್ನ ಮೊದಲ ಹೇಳಿದ್ರ ಇಷ್ಟು ಬಡಿದಾಡೂ ಪ್ರಸಂಗ ಇರ್ತಿರಲಿಲ್ಲ. ಟೀಚರ್, ಏಪ್ರಿಲ್ ಸೂಟಿಗೆ ಇಡ್ರಿ. ನಾವೂ ಏಪ್ರಿಲ್‌ಗ ಮತ್ತ ಹೊಂಟೀವಿ, ಈ ಸಲ ನಡುವ ಯಾರೂ ಇಲ್ಲ, ನಾನ ಬರದು ಕೇಳಾಕತ್ತೀನಿ. ಹದಿನಾಲ್ಕನೇ ಮೇಲ್ ನಿನ್ನೆ ಹೋಗೇತಿ, ಇನ್ನೂ ಉತ್ತರ ಬಂದಿಲ್ಲ.