ಬೇಸ್ ಗಿಟಾರ್ ಟೈಮಿಂಗ್ ಸರಿ ಮಾಡುವಾಗ ಕತ್ತರಿಸಿದ ಕಡೆಯೆಲ್ಲ 'ಟಕ್' ಅನ್ನುತ್ತೆ, ಏನು ಮಾಡ್ತೀರಿ?

ಪ್ರಶ್ನೆ: ಬೇಸ್ ಎರಡು ಟ್ರ್ಯಾಕಲ್ಲಿದೆ, ಡಿಐ (ಗಿಟಾರಿಂದ ನೇರ ವೈರಲ್ಲಿ ಬಂದದ್ದು) ಒಂದು, ಆಂಪ್ ಮುಂದೆ ಮೈಕ್ ಇಟ್ಟು ಹಿಡಿದದ್ದು ಒಂದು. ಡ್ರಮ್ಸ್ ಲೈವ್. ಕೆಲವು ನೋಟ್ ಕಿಕ್‌ಗಿಂತ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) ಮುಂಚೆ ಬೀಳುತ್ತೆ, ಕೆಲವು ತಡ. ಕ್ವಾಂಟೈಸ್ (ಸಾಫ್ಟ್‌ವೇರೇ ನೋಟುಗಳನ್ನ ತಾಳಕ್ಕೆ ಕೂರಿಸೋದು) ಕೊಟ್ರೆ ಎಲ್ಲೆಲ್ಲೋ ಹೋಗುತ್ತೆ, ಕೈಯಲ್ಲಿ ಕತ್ತರಿಸಿದ್ರೆ ಟಕ್ ಸದ್ದು. ಮಾಡಿ ಗೊತ್ತಿರೋರು ಹೇಳಿ.

ಉತ್ತರ 1
ಬೆರಳಲ್ಲಿ ನುಡಿಸಿದ ಬೇಸಿಗೆ ಡ್ರಮ್ಸಿನಷ್ಟು ಚೂಪಾದ ಶುರು ಇರಲ್ಲ. ಮೊದಲು ಬೆರಳು ತಂತಿಗೆ ತಾಗಿದ ಸದ್ದು, ಆಮೇಲೆ ಮೀಟಿದ್ದು, ಅದಾದ ಮೇಲೆ ಸ್ವರ ತುಂಬಿಕೊಳ್ಳುತ್ತೆ. ಸಾಫ್ಟ್‌ವೇರ್ ಈ ಮೂರರಲ್ಲಿ ಯಾವುದನ್ನ ಹಿಡಿಯುತ್ತೋ ಹೇಳಕ್ಕಾಗಲ್ಲ. ನೋಟ್ ಶುರುವಿನ ಗುರುತು, ಅಂದ್ರೆ ಮಾರ್ಕರ್, ನೀವೇ ಕೈಯಾರೆ ಹಾಕಿ. ಶುರು ಸಿಗದಿದ್ರೆ ಸದ್ಯಕ್ಕೆ ಈಕ್ಯೂ (ಸದ್ದಿನ ಮಂದ್ರ, ತಾರ ಭಾಗ ಏರಿಳಿಸೋದು) ಹಾಕಿ 80 ಹರ್ಟ್ಸ್ ಕೆಳಗಿನದು ತೆಗೆದು, 1 ಕಿಲೋಹರ್ಟ್ಸ್ ಆಸುಪಾಸು ಎತ್ತಿ ಕೇಳಿ, ಮೀಟಿದ ಜಾಗ ಎದ್ದು ಕೇಳಿಸುತ್ತೆ.

ಡ್ರಮ್ಸ್ ಲೈವ್ ಅಂದ್ಮೇಲೆ ಗ್ರಿಡ್ (ಸಾಫ್ಟ್‌ವೇರಿನ ಸಮ ತಾಳದ ಗೆರೆಗಳು) ಮರೆತುಬಿಡಿ. ಡ್ರಮ್ಸ್ ಎಡಿಟ್ ಪೂರ್ತಿ ಮುಗಿಸಿ, ಆಮೇಲೆ ಬೇಸನ್ನ ಕಿಕ್‌ಗೆ ಕೂರಿಸಿ. 10 ಮಿಲಿಸೆಕೆಂಡ್ ಒಳಗಿನ ವ್ಯತ್ಯಾಸ ಮುಟ್ಟೋದೇ ಬೇಡ, ನುಡಿಸಿದವರ ಗುಣ ಇರೋದೇ ಅಲ್ಲಿ.

ಉತ್ತರ 2
ಟಕ್ ಸದ್ದಿನ ಲೆಕ್ಕ ಇದು. ತೆರೆದ ಇ ತಂತಿ ಸುಮಾರು 41 ಹರ್ಟ್ಸ್, ಅಂದ್ರೆ ಅಲೆಯ ಒಂದು ಸುತ್ತಿಗೆ 24 ಮಿಲಿಸೆಕೆಂಡ್. ನೀವು 5 ಮಿಲಿಸೆಕೆಂಡ್ ಕ್ರಾಸ್‌ಫೇಡ್ (ಒಂದು ತುಣುಕು ಇಳೀತಾ ಇನ್ನೊಂದು ಏರೋ ಬೆಸುಗೆ) ಕೊಟ್ರೆ ಕಾಲು ಸುತ್ತೂ ಆಗಲ್ಲ. ಅಲೆ ಸೊನ್ನೆ ದಾಟೋ ಕಡೆ ಕತ್ತರಿಸಿದ್ರೂ ಸಾಲದು, ಎರಡೂ ಕಡೆ ಅದು ಒಂದೇ ದಿಕ್ಕಿಗೆ ಹೋಗ್ತಿರಬೇಕು. ಒಂದು ಕಡೆ ಏರ್ತಾ ಇನ್ನೊಂದು ಕಡೆ ಇಳೀತಿದ್ರೆ ಸದ್ದು ಗ್ಯಾರಂಟಿ.

ಕತ್ತರಿಸೋದು ಮೀಟಿದ ಜಾಗದಲ್ಲಲ್ಲ, ಅದಕ್ಕೆ 10–15 ಮಿಲಿಸೆಕೆಂಡ್ ಮುಂಚೆ, ಬೆರಳು ತಾಗೋ ಸದ್ದಿಗೂ ಹಿಂದೆ. ನೋಟನ್ನ ಮುಂಚೆ ತರೋದು ಸುಲಭ, ಹಿಂದಿನ ನೋಟಿನ ಬಾಲ ಅದರಡಿ ಮುಚ್ಚಿಹೋಗುತ್ತೆ. ತಡ ಮಾಡೋದೇ ತಲೆನೋವು. ನಡುವೆ ಖಾಲಿ ಬಿತ್ತು ಅಂತ ಹಿಂದಿನ ಕ್ಲಿಪ್ಪಿನ (ಕತ್ತರಿಸಿದ ತುಣುಕು) ಬಲ ಅಂಚು ಎಳೆದ್ರೆ, ಸರಿಸಿದ ನೋಟಿನ ಹಳೇ ಶುರು ಅಲ್ಲೇ ಮತ್ತೆ ಹೊರಗೆ ಬಂದು ಎರಡು ಸಲ ಮೀಟಿದ ಹಾಗೆ ಕೇಳುತ್ತೆ. ಸರಿಸಿದ ಕ್ಲಿಪ್ಪಿನ ಎಡ ಅಂಚನ್ನ ಹಿಂದಕ್ಕೆ ಎಳೀರಿ, ಬೆಸುಗೆ ಹಿಂದಿನ ನೋಟಿನ ಬಾಲದ ಮೇಲೆ ಬೀಳಲಿ. ಹಿಂದಿನ ನೋಟ್ ಇ ಆಗಿದ್ದು 21 ಮಿಲಿಸೆಕೆಂಡ್ ಸರಿಸಬೇಕಿದ್ರೆ 24 ಸರಿಸಿ. ಪೂರ್ತಿ ಒಂದು ಸುತ್ತು ಆಗೋದ್ರಿಂದ ಅಲೆಗಳು ತಾವಾಗೇ ಕೂಡುತ್ತವೆ. ತೆರೆದ ಎ ತಂತಿಗೆ ಇದು 18.

ಉತ್ತರ 3
ಮೇಲಿನವರು ಹೇಳಿದಂತೆ ಅಲೆ ಕೂಡಿಸಿದ ಮೇಲೆ ಕ್ರಾಸ್‌ಫೇಡ್ ಈಕ್ವಲ್ ಗೇನ್ (ಎರಡು ತುಣುಕಿನ ಮಟ್ಟ ಕೂಡಿಸಿದ್ರೆ ಯಾವಾಗಲೂ ಒಂದೇ ಇರೋದು) ಇಡಿ. ಈಕ್ವಲ್ ಪವರ್ (ನಡುವೆ ಎರಡನ್ನೂ ಅದಕ್ಕಿಂತ ಜೋರಾಗಿ ಇಡೋದು) ಇಟ್ರೆ ಬೆಸುಗೆಯಲ್ಲಿ 3 ಡೆಸಿಬೆಲ್‌ವರೆಗೂ ಉಬ್ಬು ಬರುತ್ತೆ.

ಬಾಲ ಸಾಲದೇ ಹೋದ್ರೆ ಮಾತ್ರ ಸ್ಟ್ರೆಚ್ (ಸ್ವರ ಬದಲಿಸದೆ ಸದ್ದನ್ನ ಉದ್ದ ಎಳೆಯೋದು). ಸಾಫ್ಟ್‌ವೇರ್ ಲಾಜಿಕ್ ಆದ್ರೆ ಫ್ಲೆಕ್ಸಲ್ಲಿ ಮೊನೊಫೋನಿಕ್, ಏಬಲ್ಟನಲ್ಲಿ ಟೋನ್ಸ್, ರೀಪರಲ್ಲಿ ಸೋಲೋಯಿಸ್ಟ್ ಆರಿಸಿ. ಮೀಟಿದ ಕಡೆ ಒಂದು ಮಾರ್ಕರ್, ಅದಾಗಿ 50 ಮಿಲಿಸೆಕೆಂಡಿಗೆ ಇನ್ನೊಂದು. ಎಳೆಯೋದು ಎರಡನೇದರ ಆಚೆಗೆ ಮಾತ್ರ, ಇಲ್ಲದಿದ್ರೆ ಮೀಟು ಮೆತ್ತಗಾಗುತ್ತೆ. ಡಿಐ, ಆಂಪ್ ಎರಡನ್ನೂ ಗ್ರೂಪ್ ಮಾಡಿ ಒಂದೇ ಜಾಗದಲ್ಲಿ ಕತ್ತರಿಸಿ. ಬೇರೆ ಬೇರೆ ಸ್ಟ್ರೆಚ್ ಮಾಡಿದ್ರೆ ಫೇಸ್ (ಎರಡರ ಅಲೆಗಳ ಹೊಂದಿಕೆ) ಕೆಟ್ಟು ಮಂದ್ರ ಸದ್ದೇ ಇಲ್ಲದಂತಾಗುತ್ತೆ. ಆಂಪ್ ಸದ್ದು ಅಷ್ಟೇನೂ ವಿಶೇಷ ಇಲ್ಲದಿದ್ರೆ, ಡಿಐ ಮಾತ್ರ ಎಡಿಟ್ ಮಾಡಿ ಆಂಪ್ ಸಿಮ್ಯುಲೇಟರಿಗೆ ಕೊಡೋದು ವಾಸಿ.

ಉತ್ತರ 4
ಎರಡು ಮಾತು. ಸ್ಲೈಡನ್ನ (ತಂತಿ ಮೇಲೆ ಬೆರಳು ಜಾರಿಸಿ ಇನ್ನೊಂದು ನೋಟಿಗೆ ಹೋಗೋದು) ನಡುವೆ ಕತ್ತರಿಸಬೇಡಿ. ಅದು ಬೀಟಿಗೆ ಬೀಳಬೇಕಾದದ್ದು ಶುರುವಲ್ಲಲ್ಲ, ಮುಟ್ಟೋ ನೋಟಲ್ಲಿ. ಹಾಗೇ ನೋಟ್ ಎಲ್ಲಿ ನಿಲ್ಲುತ್ತೆ ಅನ್ನೋದನ್ನೂ ನೋಡಿ, ಸ್ನೇರ್ ಡ್ರಮ್ ಬೀಳೋ ಹೊತ್ತಿಗೆ ಕೆಲವು ನೋಟ್ ನಿಂತು ಇನ್ನು ಕೆಲವು ಎಳೀತಿದ್ರೆ ಶುರು ಎಲ್ಲ ಸರಿ ಇದ್ರೂ ಕಿವಿಗೆ ಸಡಿಲ ಅನ್ನಿಸುತ್ತೆ.

ಪ್ರಶ್ನೆ ಕೇಳಿದವರು: ಆಂಪ್ ಟ್ರ್ಯಾಕ್ ಶುರುವಿಂದ ಕೊನೆತನಕ ಡಿಐಗಿಂತ 2 ಮಿಲಿಸೆಕೆಂಡ್ ತಡವಾಗಿದೆ, ಇದನ್ನೂ ನೋಟ್ ನೋಟಿಗೆ ಸರಿಸಬೇಕಾ?

ಉತ್ತರ 2
ಬೇಡ, ಅದು ಮೈಕ್ ದೂರ ಇಟ್ಟಿದ್ದಕ್ಕೆ. ಸದ್ದು ಒಂದು ಮೀಟರ್ ಹೋಗಕ್ಕೆ ಸುಮಾರು 3 ಮಿಲಿಸೆಕೆಂಡ್ ಹಿಡಿಯುತ್ತೆ. ಒಂದೂ ಕಟ್ ಮಾಡೋ ಮುಂಚೆ ಇಡೀ ಆಂಪ್ ಟ್ರ್ಯಾಕನ್ನ ಅಷ್ಟು ಮುಂಚೆ ತಂದು ಡಿಐಗೆ ಕೂಡಿಸಿ, ಗ್ರೂಪ್ ಮಾಡೋದು ಆಮೇಲೆ.