ಶೆಡ್ಡಲ್ಲಿ ಕಟ್ತಿರೋ ಎರಡು ಸೀಟಿನ ವಿಮಾನ: ಬೋಲ್ಟಿಗೆ ಬಿಳಿ ಪುಡಿ, ಫಿಲ್ಟರಲ್ಲಿ ಅಂಟು, ಈಗ ಗ್ಲಾಸ್ ಪ್ಯಾನೆಲ್ ತರಿಸ್ಲಾ ಬೇಡ್ವಾ?

ಅವರ್ಸಾ ಹಕ್ಕಿ:

ಎಲ್ಲರಿಗೂ ನಮಸ್ಕಾರ. ನಾನು ಅಂಕೋಲಾ ಹತ್ರ ಅವರ್ಸಾದವ. ಮನೆ ಹಿಂದಿನ ಶೆಡ್ಡಲ್ಲಿ ಎರಡು ಸೀಟಿನ ಹೈ-ವಿಂಗ್ ವಿಮಾನ ಕಟ್ತಾ ಇದ್ದೇನೆ, ಪ್ಲಾನ್ ತರಿಸ್ಕೊಂಡು ಮಾಡಿದ್ದು, 6061-ಟಿ6 ಅಲ್ಯೂಮಿನಿಯಂ ಟ್ಯೂಬಿನ ಫ್ರೇಮು, ಮೇಲೆ ಬಟ್ಟೆ, ಇಂಜಿನ್ ಸೆಕೆಂಡ್ ಹ್ಯಾಂಡ್ ರೋಟ್ಯಾಕ್ಸ್ 912 ಯುಎಲ್, 80 ಎಚ್‌ಪಿದು. ಇಲ್ಲಿಂದ ಹಾರಿಸೋ ಆಸೆ ಏನೂ ಇಲ್ಲ ಮಾರಾಯ್ರೆ, ಒಂದು ಬದಿ ನೇವಿ ಬೇಸ್ ಇನ್ನೊಂದು ಬದಿ ಕೈಗಾ, ಬಿಡ್ತಾರಾ? ರೆಕ್ಕೆ ಬಿಚ್ಚಿ ಲಾರಿಗೆ ಹಾಕಿ ಅರಬೈಲ್ ಘಾಟ್ ಹತ್ತಿಸಿ ಲೈಸೆನ್ಸ್ ಇರೋ ಏರ್‌ಸ್ಟ್ರಿಪ್ಪಿಗೆ ಒಯ್ಯೋದು ಅಂತ ಲೆಕ್ಕ.

ಈಗ ವಿಷಯ. ಭಾವ ದುಬೈಯಿಂದ ದೀಪಾವಳಿಗೆ ಬರ್ತಾನೆ, ಮುಳ್ಳಿನ ಮೀಟರ್ ಬದಲು ಎಲ್ಲಾ ಒಂದೇ ದೊಡ್ಡ ಸ್ಕ್ರೀನಲ್ಲಿ ತೋರಿಸೋ ಗ್ಲಾಸ್ ಪ್ಯಾನೆಲ್ ತಂದುಕೊಡ್ತೇನೆ ದುಡ್ಡು ಹಾಕು ಅಂತಾನೆ, ಉಳಿದಿರೋ ದುಡ್ಡು ಹೆಚ್ಚುಕಮ್ಮಿ ಅಷ್ಟೇ. ಆದ್ರೆ ಈ ಮಳೆಗಾಲ ಮುಗಿದು ಶೆಡ್ ಬಾಗಿಲು ತೆಗೆದು ನೋಡಿದ್ರೆ ರೆಕ್ಕೆ ಸ್ಟ್ರಟ್ (ರೆಕ್ಕೆಗೆ ಕೆಳಗಿಂದ ಆಧಾರ ಕೊಡೋ ಓರೆ ಕಂಬಿ) ಫ್ರೇಮಿಗೆ ಸೇರೋ ಜಾಗದಲ್ಲಿ ಬೋಲ್ಟ್ ಸುತ್ತ ಬಿಳಿ ಪುಡಿ ಬಂದಿದೆ, ಬೆರಳಲ್ಲಿ ಒರೆಸಿದ್ರೆ ಹೋಗ್ತದೆ, ಮತ್ತೆ ಬರ್ತದೆ. ಇನ್ನೊಂದು, ಇಂಜಿನ್ ಗ್ರೌಂಡ್ ರನ್ ಮಾಡಿ ಫ್ಯೂಯೆಲ್ ಫಿಲ್ಟರ್ ಬಿಚ್ಚಿದಾಗ ಒಳಗೆ ಕಂದು ಬಣ್ಣದ ಅಂಟು, ಹಲಸಿನ ಮೇಣದ ಥರ. ಟ್ಯಾಂಕ್ ಫೈಬರ್‌ದು, ದೋಣಿ ಮಾಡೋರ ಹತ್ರ ಮಾಡಿಸಿದ್ದು. ಪೆಟ್ರೋಲ್ ಹೈವೇ ಬಂಕಿಂದು. ಇದೆರಡು ಚಿಲ್ಲರೆ ವಿಷಯ ಆದ್ರೆ ಒರೆಸಿ ಮುಂದೆ ಹೋಗ್ತೇನೆ, ಅಲ್ಲ ಅಂದ್ರೆ ಹೇಳಿ.

ಬೈತಖೋಲ್ ಮೆಕ್ಯಾನಿಕ್:

ವಿಮಾನ ನಂಗೆ ಗೊತ್ತಿಲ್ರಾ, ನಾನು ಬೋಟ್ ಇಂಜಿನ್ ಮಾಡೋನು, ಆದ್ರೆ ನಿಮ್ಮ ಅಂಟು ಯಾವುದು ಅಂತ ಮುಟ್ಟದೇ ಹೇಳ್ತೇನೆ. ಅದು ನಿಮ್ಮ ಟ್ಯಾಂಕೇ. ದೋಣಿ ಫೈಬರಿಗೆ ಹಾಕೋದು ಪಾಲಿಯೆಸ್ಟರ್ ರೆಸಿನ್, ಅದಕ್ಕೆ ಸಮುದ್ರದ ನೀರು ಏನೂ ಮಾಡೋದಿಲ್ಲ, ಆದ್ರೆ ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್ ಇರ್ತದೆ ನೋಡಿ, ಅದು ರೆಸಿನ್ನನ್ನ ಒಳಗಿಂದ ಮೆತ್ತಗೆ ಮಾಡಿ ಕರಗಿಸ್ತಾ ಬರ್ತದೆ. ಕರಗಿದ್ದು ಎಲ್ಲಾನೂ ಫಿಲ್ಟರಲ್ಲಿ ನಿಲ್ತದೆ ಅಂತ ಇಲ್ಲ, ಸ್ವಲ್ಪ ಪೆಟ್ರೋಲ್ ಜೊತೆಗೇ ಕಾರ್ಬೊರೇಟರಿಗೆ ಹೋಗಿ ಜೆಟ್ಟಲ್ಲಿ, ಇನ್‌ಟೇಕ್ ವಾಲ್ವ್ ಕಡ್ಡೀಲಿ ಕಪ್ಪಗೆ ಕೂರ್ತದೆ. ದೋಣೀಲಿ ಇಂಜಿನ್ ನಿಂತ್ರೆ ಹುಟ್ಟು ಹಾಕಬಹುದು, ನಿಮಗೆ?

ಟ್ಯಾಂಕ್ ತೆಗೆದು ಬಿಸಾಕಿ. ಅಲ್ಯೂಮಿನಿಯಂ 5052 ಶೀಟಿಂದು ಆರ್ಗಾನ್ ವೆಲ್ಡಿಂಗ್ ಮಾಡಿಸಿ, ಇಲ್ಲಾ ರೆಡಿ ಪಾಲಿಥಿನ್ ಟ್ಯಾಂಕ್ ತಗೊಳ್ಳಿ. ಒಳಗೆ ಕೋಟಿಂಗ್ ಹೊಡೆದು ಕೊಡ್ತೇನೆ ಅಂತ ಯಾರಾದ್ರೂ ಹೇಳ್ತಾರೆ, ಕೇಳಬೇಡಿ, ಅದೂ ಒಂದು ದಿನ ಎದ್ದು ಬಂದು ಪೈಪಿಗೆ ಅಡ್ಡ ಕೂರ್ತದೆ. ರಬ್ಬರ್ ಪೈಪೂ ಬದಲಿಸಿ, ಬಗ್ಗಿಸಿದಾಗ ಮೇಲೆ ಸಣ್ಣ ಸಣ್ಣ ಬಿರುಕು ಕಂಡ್ರೆ ಅದರ ಕತೆ ಮುಗೀತು ಅಂತ.

ಇನ್ನೊಂದು ಮಾತು. ಹಳೇ ಪೆಟ್ರೋಲಲ್ಲಿ ನೀರು ಇದ್ರೆ ಕೆಳಗೆ ಕೂರ್ತಿತ್ತು, ಬೆಳಿಗ್ಗೆ ಡ್ರೇನ್ ಬಿಚ್ಚಿದ್ರೆ ಬಾಟ್ಲಿ ತಳದಲ್ಲಿ ಗುಳ್ಳೆ ಥರ ಕಾಣ್ತಿತ್ತು. ಎಥನಾಲ್ ಇದ್ರೆ ಅದು ನೀರನ್ನ ತನ್ನೊಳಗೇ ಎಳ್ಕೊಂಡು ಇಟ್ಕೊಳ್ತದೆ, ಡ್ರೇನಲ್ಲಿ ಏನೂ ಕಾಣೋದಿಲ್ಲ, ಸ್ವಚ್ಛ ಇದೆ ಅಂತ ನೀವು ಅಂದ್ಕೊಳ್ತೀರಿ. ಹಿಡಿಯೋಷ್ಟು ಹಿಡಿದು ತುಂಬಿದ ಮೇಲೆ, ಇಲ್ಲಾ ಪೆಟ್ರೋಲ್ ತಣ್ಣಗಾದಾಗ, ನೀರು ಎಥನಾಲ್ ಎರಡೂ ಸೇರಿ ಒಂದೇ ಸಲ ತಳಕ್ಕೆ ಇಳೀತದೆ. ಇಂಜಿನ್ ಎಳಿಯೋದು ತಳದಿಂದಲೇ ಅಲ್ವಾ. ನಮ್ಮ ಕರಾವಳಿ ತೇವದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಮಳೆಗಾಲ ಪೂರ್ತಿ ಇಡೋದು ಅಂದ್ರೆ ಕೈಯಾರೆ ನೀರು ಹಾಕಿದ ಹಾಗೇ.

ಸದಾಶಿವಗಡ ರಿಟೈರ್ಡ್:

ನೇವೀಲಿ ಏರ್‌ಫ್ರೇಮ್ ಕೆಲಸ ಮಾಡಿ ನಿವೃತ್ತನಾದವ ನಾನು. ಬಿಳಿ ಪುಡಿ ಬಗ್ಗೆ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ.

ಒರೆಸಿ ಮುಂದೆ ಹೋಗಬೇಡಿ ತಮ್ಮಾ. ಆ ಪುಡಿ ಅಂದ್ರೆ ನಿಮ್ಮ ಅಲ್ಯೂಮಿನಿಯಂ. ಸಮುದ್ರದ ನೀರೇ ತಾಗಬೇಕು ಅಂತಿಲ್ಲ, ಗಾಳೀಲಿ ಬರೋ ಉಪ್ಪು ಸಾಕು, ಉಪ್ಪು ತಾನೇ ತೇವ ಎಳ್ಕೊಳ್ತದೆ, ನೋಡೋಕೆ ಒಣಗಿದ್ದಂಗೆ ಕಂಡ್ರೂ ಬೋಲ್ಟ್ ಮತ್ತು ತೂತಿನ ನಡುವೆ ಒದ್ದೆ ಇರ್ತದೆ. ಎರಡು ಬೇರೆ ಬೇರೆ ಲೋಹ, ನಡುವೆ ಉಪ್ಪಿನ ತೇವ, ಅಲ್ಲಿಗೆ ಕರೆಂಟ್ ಹರಿಯೋಕೆ ಶುರು, ಸವೆಯೋದು ಅಲ್ಯೂಮಿನಿಯಂ. ಈಗ ನೀವು ಮೊದಲು ನೋಡಬೇಕಾದ್ದು ಬೋಲ್ಟಿನ ತಲೆ. ಏರ್‌ಕ್ರಾಫ್ಟ್ ಗ್ರೇಡ್ ಎಎನ್ ಸ್ಟೀಲ್ ಬೋಲ್ಟಾದ್ರೆ ತಲೆ ಮೇಲೆ ಉಬ್ಬಿದ ಕತ್ತರಿ ಗುರುತು ಇರ್ತದೆ, ಮೇಲೆ ಕ್ಯಾಡ್ಮಿಯಂ ಲೇಪನ. ಒಂದೇ ಗೀಟು ಇದ್ರೆ ಅದು ಸ್ಟೇನ್‌ಲೆಸ್ ಜಾತಿದು. ಏನೂ ಇಲ್ಲದೇ ಫಳಫಳ ಹೊಳೀತಾ ಇದ್ರೆ ಹಾರ್ಡ್‌ವೇರ್ ಅಂಗಡಿ ಎಸ್‌ಎಸ್, ಇಲ್ಲಿ ಎಲ್ಲರೂ ಎಸ್‌ಎಸ್ ತುಕ್ಕು ಹಿಡಿಯೋದಿಲ್ಲ ಅಂತ ಅದನ್ನೇ ಕೊಡ್ತಾರೆ. ಅದಕ್ಕೆ ತುಕ್ಕು ಬರೋದಿಲ್ಲ ನಿಜ, ಪಕ್ಕದ ಅಲ್ಯೂಮಿನಿಯಂ ತಿಂತದೆ. ಬಲದಲ್ಲೂ ಎಎನ್ ಬೋಲ್ಟಿಗೆ ಸಮ ಅಲ್ಲ. ರೆಕ್ಕೆ ಸ್ಟ್ರಟ್ಟಲ್ಲಿ ಅಂಥದ್ದು ಇದ್ರೆ ಇವತ್ತೇ ತೆಗೀರಿ.

ರೆಕ್ಕೆಗೆ ಕೆಳಗಿಂದ ಸ್ಟ್ಯಾಂಡ್ ಕೊಟ್ಟು ಒಂದೊಂದೇ ಬೋಲ್ಟ್ ಹೊರಗೆ ತೆಗೆದು ಟಾರ್ಚ್ ಹಿಡಿದು ತೂತಿನ ಒಳಗೋಡೆ ನೋಡಿ. ನೈಲಾನ್ ಬ್ರಶ್ಶಲ್ಲಿ ಉಜ್ಜಿ, ಸ್ಟೀಲ್ ವುಲ್ ಮಾತ್ರ ಮುಟ್ಟಿಸಬೇಡಿ, ಅದರ ಕಬ್ಬಿಣದ ಚೂರು ಒಳಗೇ ಸಿಕ್ಕಿ ಹೊಸ ರೋಗ ಶುರು ಮಾಡ್ತದೆ. ಪುಡಿ ಹೋದ ಮೇಲೆ ಗೋಡೆ ನುಣ್ಣಗೆ ಇದ್ರೆ ಅಲೊಡೈನ್ (ಅಲ್ಯೂಮಿನಿಯಂ ಸವೆಯದ ಹಾಗೆ ಹಚ್ಚೋ ರಾಸಾಯನಿಕ), ಆಮೇಲೆ ಎಪಾಕ್ಸಿ ಪ್ರೈಮರ್, ಪ್ರೈಮರ್ ಹಸಿ ಇರುವಾಗಲೇ ಹೊಸ ಬೋಲ್ಟ್ ಕೂರಿಸೋದು. ಗುಳಿ ಬಿದ್ದಿದ್ರೆ ಫೋಟೋ ತೆಗೆದು, ಆಳ ಅಳೆದು ಪ್ಲಾನ್ ಕೊಟ್ಟವರನ್ನೇ ಕೇಳಿ, ಇಲ್ಲಿ ಯಾರೂ ಪರವಾಗಿಲ್ಲ ಅಂತ ಹೇಳೋ ಹಾಗಿಲ್ಲ, ನಾನೂ ಸೇರಿ. ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇದ್ದು ತಾನೇ ಬಿಗಿ ಹಿಡಿಯೋದು) ಕೈಯಲ್ಲೇ ಸಲೀಸಾಗಿ ತಿರುಗಿದ್ರೆ ಅದನ್ನ ಮತ್ತೆ ಹಾಕಬಾರದು, ಬೋಲ್ಟ್ ತಿರುಗೋ ಜಾಗ ಇದ್ರೆ ತಲೆ ಸೀಳಿರೋ ಕ್ಯಾಸಲ್ ನಟ್ಟು, ಆ ಸೀಳಲ್ಲಿ ತೂರಿಸೋ ಕಾಟರ್ ಪಿನ್ನು. ಟಾರ್ಕ್ ಕೊಟ್ಟ ಮೇಲೆ ನಟ್ಟಿಂದ ಫ್ರೇಮಿಗೆ ಬಣ್ಣದ ಗೀಟು ಎಳೀರಿ, ನಟ್ ಅಲುಗಾಡಿದ್ರೆ ಗೀಟು ತುಂಡಾಗಿ ಕಾಣ್ತದೆ.

ಕಂಟ್ರೋಲ್ ಕೇಬಲ್ ಕಣ್ಣಲ್ಲಿ ನೋಡಿದ್ರೆ ಗೊತ್ತಾಗೋದಿಲ್ಲ. ಹಳೇ ಕಾಟನ್ ಪಂಚೆ ತುಂಡು ಸುತ್ತಿ ಉದ್ದಕ್ಕೂ ಎಳೀರಿ, ಪುಲ್ಲಿ ಹತ್ರ ನಿಧಾನ. ಒಂದು ಎಳೆ ತುಂಡಾಗಿದ್ರೂ ಬಟ್ಟೆ ಅಲ್ಲಿ ಸಿಕ್ಕಿಬೀಳ್ತದೆ. ಬರಿಗೈಯಲ್ಲಿ ಮಾಡಬೇಡಿ, ಸೂಜಿ ಥರ ಚುಚ್ತದೆ.

ತೊಳೆಯೋದು ಸಿಹಿನೀರಲ್ಲೇ. ಅವರ್ಸಾದವ್ರು ಅಂದ್ರಿ, ಗಜನಿ (ಉಪ್ಪುನೀರಿನ ಗದ್ದೆ) ಬದಿ ಬಾವಿ ನೀರು ಸವಳು ಇರ್ತದೆ, ಅದರಲ್ಲಿ ತೊಳೆದ್ರೆ ಉಪ್ಪು ಹಚ್ಚಿದ ಹಾಗೇ. ತಾಡಪತ್ರಿ ಬಿಗಿಯಾಗಿ ಹೊದಿಸಿ ಇಡೋದೂ ಬೇಡ, ಒಳಗೆ ಬೆವರ್ತದೆ. ಗಾಳಿ ಆಡಲಿ, ಬಟ್ಟೆ ತಳದ ಡ್ರೇನ್ ತೂತು ಮುಚ್ಚಿದೆಯಾ ನೋಡಿ.

ಶಿರಸಿ ಮಾಣಿ:

ಹಕ್ಕಿ ಭಾವ, ಎಂತ ಧೈರ್ಯ ಮಾರಾಯಾ! ಯಂಗಳ ಬದಿ ಉಪ್ಪಿಲ್ಲೆ, ಆದ್ರೆ ಬೂಷ್ಟು ಇದ್ದು, ಇಲಿ ಇದ್ದು. ಇಲಿಗೆ ಉಪಾಯ ಮಾಡ್ಕೊಳ್ಳಿ, ಅದು ರೆಕ್ಕೆ ಒಳಗೆ ಗೂಡು ಮಾಡಿದ್ರೆ ಬಟ್ಟೆ ಹರಿಯೋದಕ್ಕಿಂತ ಅದರ ಮೂತ್ರದ್ದೇ ಕಾಟ ಜಾಸ್ತಿ, ಅಲ್ಯೂಮಿನಿಯಂ ತಿಂದು ಹಾಕ್ತದೆ.

ಪಿಟೋ ಟ್ಯೂಬಿಗೆ (ವೇಗ ಅಳೆಯೋಕೆ ಎದುರು ಗಾಳಿ ಹಿಡಿಯೋ ಕೊಳವೆ) ಕವರ್ ಹಾಕಿದ್ದೀರಾ? ಕುಂಬಾರ ಹುಳ ಇದೆಯಲ್ಲ, ಅದಕ್ಕೆ ಅಂಥ ತೂತು ಕಂಡ್ರೆ ಹಬ್ಬ. ಮಣ್ಣು ತಂದು ಮೆತ್ತಿ, ಒಳಗೆ ಜೇಡ ತುಂಬಿ, ಬಾಯಿ ಮುಚ್ಚಿ ಹೋಗ್ತದೆ, ಹೊರಗಿಂದ ನೋಡಿದ್ರೆ ಗೊತ್ತೂ ಆಗೋದಿಲ್ಲ, ಓಡಿಸುವಾಗ ಏರ್‌ಸ್ಪೀಡ್ ಮುಳ್ಳು ಸೊನ್ನೆ ಬಿಟ್ಟು ಏಳೋದಿಲ್ಲ. ಕೆಂಪು ಬಟ್ಟೆ ಬಾಲ ಇರೋ ಕವರ್ ಹೊಲಿಸಿ. ಟ್ಯಾಂಕಿನ ವೆಂಟ್ ಪೈಪಿಗೂ ಜಾಳಿಗೆ ಹಾಕಿ, ಅದು ಮುಚ್ಚಿದ್ರೆ ಪೆಟ್ರೋಲ್ ಇಳಿಯೋದಿಲ್ಲ.

ಒಂದು ಐಡಿಯಾ. ಪೆಟ್ರೋಲಿಗೆ ನೀರು ಹಾಕಿ ಅಲ್ಲಾಡಿಸಿ ಎಥನಾಲ್ ಕೆಳಗೆ ಇಳಿಸಿ ಮೇಲಿಂದು ಮಾತ್ರ ತಗೊಂಡ್ರೆ ಆಗೋದಿಲ್ವಾ? ಯೂಟ್ಯೂಬಲ್ಲಿ ಮಾಡ್ತಾರಪ್ಪ.

ಮತ್ತೆ ತೂಕಕ್ಕೆ ಕರೆ ಮಾಡಿ, ಅಡಿಕೆ ತೂಗೋ ಎಲೆಕ್ಟ್ರಾನಿಕ್ ಕಾಂಟಾ ಮೂರು ಕೊಡಿಸ್ತೇನೆ, ಮೂರು ಚಕ್ರದ ಅಡಿಗೆ ಇಡಿ. ಗೊನೆ ಕೊಯ್ಲು ಶುರು ಆಗೋ ಮೊದಲು ಕೇಳಿ ಅಷ್ಟೇ.

ಜಕ್ಕೂರು ಫ್ಲೈಯರ್:

ಮಾಣಿ ಅವರೇ, ಕಾಂಟಾ ಐಡಿಯಾ ಸೂಪರ್, ವಿಮಾನ ಹಾರುವಾಗ ಇರೋ ಮಟ್ಟಕ್ಕೆ ಬಾಲ ಎತ್ತಿ ತೂಗಿದ್ರೆ ಸಿಜಿ (ತೂಕದ ನಡುಬಿಂದು) ಲೆಕ್ಕ ಪಕ್ಕಾ ಬರತ್ತೆ. ಪೆಟ್ರೋಲ್ ತೊಳೆಯೋದು ಮಾತ್ರ ಬೇಡವೇ ಬೇಡ. ಎಥನಾಲ್ ಆಕ್ಟೇನ್ (ಇಂಜಿನ್ ಒಳಗೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯದ ಗುಣ) ಏರಿಸೋದು, ಅದನ್ನ ತೆಗೆದ್ರೆ ಉಳಿದಿದ್ದರ ಆಕ್ಟೇನ್ ಎಷ್ಟಕ್ಕೆ ಇಳೀತು ಅಂತ ಅಳೆಯೋರು ಯಾರು? 912 ಯುಎಲ್‌ಗೆ ಕನಿಷ್ಠ 90 ರಾನ್ (ಆಕ್ಟೇನ್ ಅಳತೆ) ಬೇಕು. ರೋಟ್ಯಾಕ್ಸ್ ಒಪ್ಪಿರೋದು ಇ10 (10 ಪರ್ಸೆಂಟ್ ಎಥನಾಲ್) ತನಕ, ಇ20 ಅಲ್ಲ. ಸರಿಯಾದ ದಾರಿ ಏರ್‌ಸ್ಟ್ರಿಪ್ಪಲ್ಲಿ ಸಿಗೋ ವಿಮಾನದ ಪೆಟ್ರೋಲ್ ಅವ್‌ಗ್ಯಾಸ್ 100 ಎಲ್‌ಎಲ್, ಇಂಡಿಯನ್ ಆಯಿಲ್‌ನವರು 2022ರಿಂದ ನಮ್ಮ ದೇಶದಲ್ಲೇ ಮಾಡ್ತಿದ್ದಾರೆ. ಅದರಲ್ಲಿ ಸೀಸ ಇರೋದ್ರಿಂದ ಆಯಿಲ್ ಚೇಂಜ್ 100 ಗಂಟೆ ಬದಲು 50 ಗಂಟೆಗೆ ಮಾಡ್ಬೇಕು, ದುಬಾರಿ, ಗೊತ್ತು.

ಈಗ ಪ್ಯಾನೆಲ್. ನನ್ನ ಅಭಿಪ್ರಾಯ ಕೇಳಿದ್ರೆ ಈ ದೀಪಾವಳಿಗೆ ಭಾವನ ಹತ್ರ ಟ್ಯಾಂಕ್ ಫಿಟ್ಟಿಂಗು, ಫ್ಯೂಯೆಲ್ ಹೋಸು, ಎಎನ್ ಬೋಲ್ಟು, ಟಿನ್ ಲೇಪನದ ಏರ್‌ಕ್ರಾಫ್ಟ್ ವೈರು ತರಿಸಿ. ಮನೆ ವೈರಿಂಗಿನ ಪಿವಿಸಿ ವೈರ್ ಹಾಕಿದ್ರೆ ನಿಮ್ಮೂರ ಗಾಳೀಲಿ ತಾಮ್ರ ಒಳಗೇ ಕಪ್ಪಾಗತ್ತೆ. ಹಗಲು ಹೊತ್ತು ನೆಲ ನೋಡ್ಕೊಂಡು ಹಾರೋ ಈ ಥರದ ವಿಮಾನಕ್ಕೆ ಏರ್‌ಸ್ಪೀಡು, ಆಲ್ಟಿಮೀಟರು, ದಿಕ್ಸೂಚಿ, ಸ್ಲಿಪ್ ಬಾಲ್ (ವಿಮಾನ ಪಕ್ಕಕ್ಕೆ ಜಾರ್ತಿದೆಯಾ ತೋರಿಸೋ ಗುಂಡು), ಇಂಜಿನ್ನಿಗೆ ಆರ್‌ಪಿಎಮ್, ಆಯಿಲ್ ಪ್ರೆಶರ್, ಆಯಿಲ್ ಮತ್ತು ಸಿಲಿಂಡರ್ ಹೆಡ್ ಟೆಂಪರೇಚರ್, ಪೆಟ್ರೋಲ್ ಎಷ್ಟಿದೆ, ಇಷ್ಟು ಮುಳ್ಳಿನ ಮೀಟರಲ್ಲಿ ಧಾರಾಳ ಆಯ್ತು. 912ರ ಜನರೇಟರ್ ಕೊಡೋದು ಜೋರು ಅಂದ್ರೆ 250 ವ್ಯಾಟ್, ಅದರ ರೆಗ್ಯುಲೇಟರ್ ಬಿಸಿಗೆ ಹೋಗೋದು ಮಾಮೂಲು, ಅದನ್ನ ಗಾಳಿ ಬೀಳೋ ಜಾಗದಲ್ಲಿ ಕೂರಿಸಿ. ಅದು ಕೈಕೊಟ್ಟ ದಿನ ಸ್ಕ್ರೀನ್ ಬ್ಯಾಟರಿ ಇರೋಷ್ಟು ಹೊತ್ತು ಮಾತ್ರ, ಏರ್‌ಸ್ಪೀಡ್ ಮುಳ್ಳಿಗೆ ಕರೆಂಟೇ ಬೇಡ. ಸ್ಕ್ರೀನ್ ಬೇಕೇ ಬೇಕು ಅಂದ್ರೆ ಪ್ಯಾನೆಲಲ್ಲಿ ಜಾಗ ಬಿಟ್ಟು ಮುಂದಿನ ವರ್ಷ ಹಾಕಿ, ಆಮೇಲೆ ಮತ್ತೆ ತೂಗಿ.

ಕಾರ್ಬ್ ಹೀಟ್ (ಕಾರ್ಬೊರೇಟರಿಗೆ ಬಿಸಿ ಕೊಡೋ ವ್ಯವಸ್ಥೆ) ಬಿಡಬೇಡಿ. ಕಾರವಾರದ ಸೆಖೇಲಿ ಐಸಾ ಅಂತ ನಗಬೇಡಿ, ಪೆಟ್ರೋಲ್ ಆವಿಯಾಗುವಾಗ ಕಾರ್ಬೊರೇಟರ್ ಗಂಟಲಲ್ಲಿ ಗಾಳಿ 20 ಡಿಗ್ರಿಗಿಂತ ಜಾಸ್ತಿ ತಣ್ಣಗಾಗಬಹುದು, ಗಾಳೀಲಿ ತೇವ ಇದ್ರೆ 25 ಡಿಗ್ರಿ ದಿನದಲ್ಲೂ ಥ್ರಾಟಲ್ ಇಳಿಸಿ ಕೆಳಗೆ ಬರುವಾಗ ಐಸ್ ಕಟ್ಟತ್ತೆ.

ಶೆಡ್ಡಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋ ಚಟ ಇದ್ರೆ ಬಿಡಿ. ಆಯಿಲ್ ಒಮ್ಮೆಯಾದ್ರೂ 100 ಡಿಗ್ರಿ ಮುಟ್ಟದಿದ್ರೆ ಒಳಗಿನ ನೀರು ಹೋಗೋದೇ ಇಲ್ಲ.

ಕಾಗದ ಪತ್ರ: ಮುಂಬೈನ ಕ್ಯಾಪ್ಟನ್ ಅಮೋಲ್ ಯಾದವ್ ಬಿಲ್ಡಿಂಗ್ ಟೆರೇಸಲ್ಲಿ ಕಟ್ಟಿದ ಆರು ಸೀಟಿನ ವಿಮಾನಕ್ಕೆ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2017ರಲ್ಲಿ ವಿಟಿ-ಎನ್‌ಎಂಡಿ ಅಂತ ನಂಬರ್ ಕೊಡ್ತು, ಎಷ್ಟು ಅಲೆದ್ರು ಅಂತ ಓದಿ ನೋಡಿ, ಆಮೇಲೆ ನಿಮ್ಮ ಫೈಲು ಎಷ್ಟು ದಪ್ಪ ಇದೆ ನೋಡ್ಕೊಳ್ಳಿ. ಬಟ್ಟೆ ಮುಚ್ಚಿದ ಮೇಲೆ ಕಾಣದ ಜಾಗದ್ದೆಲ್ಲ ಫೋಟೋ, ಪ್ರತಿ ಬೋಲ್ಟಿನ ಬಿಲ್ಲು.

ಅವರ್ಸಾ ಹಕ್ಕಿ:

ರಿಟೈರ್ಡ್ ಸರ್, ಈಗಷ್ಟೇ ನೋಡಿದೆ. ಎಡ ಸ್ಟ್ರಟ್ಟಲ್ಲಿ ತಲೆ ಮೇಲೆ ಕತ್ತರಿ ಗುರುತು ಇದೆ, ಪುಡಿ ಇಲ್ಲ. ಬಲದ್ದು ಬೋಳು ತಲೆ, ಫಳಫಳ. ಇಂಜಿನ್ ಕೊಟ್ಟವರ ಜೊತೆ ಬಂದ ಡಬ್ಬೀಲಿ ಮಿಕ್ಸ್ ಆಗಿತ್ತು ಅನ್ನಿಸ್ತದೆ. ನಾಳೆ ರೆಕ್ಕೆಗೆ ಸ್ಟ್ಯಾಂಡ್ ಕೊಟ್ಟು ತೆಗೀತೇನೆ. ಭಾವನಿಗೆ ಫೋನ್ ಮಾಡಿ ಸ್ಕ್ರೀನ್ ಕ್ಯಾನ್ಸಲ್ ಅಂದೆ, ಅವನಿಗೆ ಸ್ವಲ್ಪ ಬೇಜಾರು, ಅವನೇ ನೋಡಿ ಇಷ್ಟಪಟ್ಟಿದ್ದನಂತೆ.

ಬೈತಖೋಲ್ ಅಣ್ಣ, ಪೆಟ್ರೋಲಲ್ಲಿ ಎಥನಾಲ್ ಎಷ್ಟಿದೆ ಅಂತ ಮನೇಲೇ ನೋಡೋದು ಹೇಗೆ? ಮತ್ತೆ ಆ ಅಂಟು ಕಾರ್ಬೊರೇಟರ್ ತನಕ ಹೋಗಿದೆಯಾ ಅಂತ?

ಬೈತಖೋಲ್ ಮೆಕ್ಯಾನಿಕ್:

ಲ್ಯಾಬಲ್ಲಿ ಇರೋ 100 ಎಂಎಲ್ ಗೀಟಿನ ಗಾಜಿನ ಕೊಳವೆ ತಗೊಳ್ಳಿ. 10 ಎಂಎಲ್ ನೀರು, ಅದರ ಮೇಲೆ 90 ಎಂಎಲ್ ಪೆಟ್ರೋಲ್, ಬಾಯಿ ಮುಚ್ಚಿ ಚೆನ್ನಾಗಿ ಅಲ್ಲಾಡಿಸಿ ಇಡಿ. ಕೆಳಗಿನ ಪದರ 10ರಲ್ಲೇ ನಿಂತ್ರೆ ಎಥನಾಲ್ ಇಲ್ಲ. 28ರ ಹತ್ರ ಬಂತು ಅಂದ್ರೆ ಇ20. ಬೀಡಿ ಗೀಡಿ ದೂರ ಇಟ್ಟು ಮಾಡಿ.

ಕಾರ್ಬೊರೇಟರ್ ಎರಡೂ ಬಿಚ್ಚಲೇಬೇಕು, ಬೌಲಿನ ತಳ, ಜೆಟ್ಟು, ಎಲ್ಲಾ ನೋಡಿ. ನಿಮ್ಮ ಇಂಜಿನ್ನಿನ ಪುಸ್ತಕ ಮಗನ ಹತ್ರ ಮೊಬೈಲಲ್ಲಿ ತೆಗೆಸಿ ನೋಡಿದೆ, ಬೌಲಲ್ಲಿ ತೇಲೋ ಫ್ಲೋಟ್ ಎರಡೆರಡು ಇರ್ತಾವಂತೆ, ಜೋಡಿ ತೂಕ 7 ಗ್ರಾಮ್ ಮೀರಬಾರದಂತೆ, ಪೆಟ್ರೋಲ್ ಕುಡಿದು ಭಾರ ಆದ್ರೆ ಮುಳುಗಿ ಬೌಲ್ ಉಕ್ಕಿ ಹರೀತದೆ. ಅಡಿಕೆ ಕಾಂಟಾದಲ್ಲಿ ಅದು ಆಗೋದಿಲ್ಲ, ಅಂಕೋಲಾ ಪೇಟೇಲಿ ಶೇಟರ ಬಂಗಾರದ ಅಂಗಡಿಗೆ ಒಯ್ದು ತೂಗಿಸಿ. ಒರೆಸಿಕೊಂಡು ಹೋಗಿ, ಪೆಟ್ರೋಲ್ ವಾಸನೆಗೆ ಅವರು ಒಳಗೆ ಬಿಡೋದಿಲ್ಲ.